ವಹಿವಾಟು ಮುಗಿದ ಮೇಲೆ ಅಂಗಳ ಯಾರದು?

ಕೋಲ್ಕತ್ತದ ಲಯನ್ಸ್ ರೇಂಜ್ ರಸ್ತೆಯ ಕಲ್ಕತ್ತ ಸ್ಟಾಕ್ ಎಕ್ಸ್‌ಚೇಂಜ್ 1908ರಲ್ಲಿ ಶುರುವಾದದ್ದು. 2013ರ ಏಪ್ರಿಲ್‌ನಲ್ಲಿ ಷೇರುಪೇಟೆಗಳ ನಿಯಂತ್ರಕ ಸಂಸ್ಥೆ ಸೆಬಿ ಅದರ ವಹಿವಾಟನ್ನು ತಡೆಹಿಡಿಯಿತು. ಅಲ್ಲಿಂದ ಹನ್ನೆರಡು ವರ್ಷ ಕೋರ್ಟು, ಮನವಿ ಎಂದು ಕಳೆದು, 2025ರ ಏಪ್ರಿಲ್‌ನಲ್ಲಿ ಷೇರುದಾರರು ಪರವಾನಗಿಯನ್ನು ತಾವಾಗಿಯೇ ಬಿಟ್ಟುಕೊಡಲು ಒಪ್ಪಿದರು. ಆ ವರ್ಷದ ದೀಪಾವಳಿಯ ಹೊತ್ತಿಗೆ ಬಂದ ಸುದ್ದಿಗಳ ತುಂಬ ಲೆಕ್ಕಗಳಿದ್ದವು. ಇ.ಎಂ. ಬೈಪಾಸಿನಲ್ಲಿ ಸಂಸ್ಥೆಗಿದ್ದ ಮೂರು ಎಕರೆ ಜಾಗಕ್ಕೆ 253 ಕೋಟಿ ರೂಪಾಯಿ, ನೌಕರರಿಗೆ ಸ್ವಯಂ ನಿವೃತ್ತಿ, ಮುಂದೆ ಬೇರೆ ಕಂಪನಿಗಳ ಷೇರು ಇಟ್ಟುಕೊಂಡಿರುವ ಹೋಲ್ಡಿಂಗ್ ಕಂಪನಿಯಾಗಿ ಉಳಿಯುವ ಯೋಜನೆ. ನಾನು ಓದಿದ ಸುದ್ದಿಗಳಲ್ಲಿ ಒಂದು ಪ್ರಶ್ನೆ ಮಾತ್ರ ಕಾಣಲಿಲ್ಲ: 1928ರಲ್ಲಿ ಕಟ್ಟಿದ ಆ ಕಟ್ಟಡದೊಳಗೆ ದಲ್ಲಾಳಿಗಳು ನಿಂತು ಕೂಗುತ್ತಿದ್ದ ಅಂಗಳದ ಗತಿ ಏನು?

ಇಂಥ ಅಂಗಳಗಳು ನಮ್ಮ ದೇಶದಲ್ಲಿ ಹಲವಿವೆ. ಒಂದು ಕಾಲಕ್ಕೆ ಸುಮಾರು ಇಪ್ಪತ್ತು ಪ್ರಾದೇಶಿಕ ಷೇರುಪೇಟೆಗಳಿದ್ದವು. 1994ರಲ್ಲಿ ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇ ಕಂಪ್ಯೂಟರ್ ಪರದೆಯ ಮೇಲೆ ಷೇರು ವ್ಯಾಪಾರ ಶುರು ಮಾಡಿತು. ಮರುವರ್ಷ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್ ಕೂಡ ದಲಾಲ್ ಸ್ಟ್ರೀಟಿನ ತನ್ನ ಕೂಗಾಟದ ರಿಂಗನ್ನು ಮುಚ್ಚಿ ಪರದೆಗೆ ಬಂತು. ಉಳಿದ ಊರುಗಳ ಪೇಟೆಗಳು ಒಂದೊಂದಾಗಿ ಬರಿದಾದವು. ವರ್ಷಕ್ಕೆ 1,000 ಕೋಟಿ ರೂಪಾಯಿ ವಹಿವಾಟು ಮಾಡಲಾಗದವರು ಗೌರವದಿಂದ ಹೊರಹೋಗಲು ಸೆಬಿ 2012ರಲ್ಲಿ ದಾರಿ ಮಾಡಿಕೊಟ್ಟಿತು. 1963ರಲ್ಲಿ ಸ್ಥಾಪನೆಯಾದ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ 2014ರ ಡಿಸೆಂಬರ್‌ನಲ್ಲಿ ಹಾಗೆ ಹೊರಬಂತು. ಜೆ.ಸಿ. ರಸ್ತೆಯ ಮೊದಲ ಅಡ್ಡರಸ್ತೆಯಲ್ಲಿ, ವಾಹನಗಳ ಬಿಡಿಭಾಗದ ಅಂಗಡಿಗಳ ನಡುವೆ, ಸ್ಟಾಕ್ ಎಕ್ಸ್‌ಚೇಂಜ್ ಟವರ್ಸ್ ಎಂಬ ಹೆಸರು ಇನ್ನೂ ಇದೆ. ಆ ಹೆಸರಿನ ಕೆಲಸ ಅಲ್ಲಿಲ್ಲ.

ಹೀಗೆ ಕೆಲಸ ಕಳೆದುಕೊಂಡ ವಿನಿಮಯ ಕಟ್ಟಡಗಳ ಅನುಭವ ಯೂರೋಪಿಗೆ ನಮಗಿಂತ ಬಹಳ ಮೊದಲೇ ಆಗಿದೆ. ಅಲ್ಲಿ ಏನೇನಾಯಿತು ಎಂದು ನೋಡಿದರೆ ನಮ್ಮ ಮುಂದಿರುವ ದಾರಿಗಳು, ಅವುಗಳಲ್ಲಿ ತಪ್ಪು ದಾರಿಗಳು ಯಾವುವು ಎಂಬುದೂ, ಸಾಕಷ್ಟು ಸ್ಪಷ್ಟವಾಗುತ್ತದೆ. ಈ ಪ್ರಶ್ನೆ ಷೇರುಪೇಟೆಯವರಿಗಷ್ಟೇ ಸಂಬಂಧಿಸಿದ್ದೂ ಅಲ್ಲ. ಕರ್ನಾಟಕದ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಯಾರ್ಡುಗಳೂ ರೇಷ್ಮೆಗೂಡಿನ ಮಾರುಕಟ್ಟೆಗಳೂ ಅದೇ ಹಾದಿಯಲ್ಲಿ ಒಂದೆರಡು ಹೆಜ್ಜೆ ಇಟ್ಟಾಗಿದೆ.

ಅಂಗಳ ಏಕೆ ಬೇಕಿತ್ತು

ಆಂಟ್‌ವರ್ಪ್ ನಗರ 1531ರಲ್ಲಿ ವರ್ತಕರಿಗೆಂದೇ ಒಂದು ಅಂಗಳ ಕಟ್ಟಿಸಿತು. ಸುತ್ತ ಕಂಬಸಾಲು, ನಡುವೆ ಬಯಲು, ನಾಲ್ಕು ದಿಕ್ಕಿನ ಬೀದಿಗಳಿಂದಲೂ ಒಳಬರಲು ಬಾಗಿಲು. ಅದನ್ನು ನೋಡಿದ ಇಂಗ್ಲಿಷ್ ವರ್ತಕ ಥಾಮಸ್ ಗ್ರೇಶಮ್ ಲಂಡನ್ನಿನಲ್ಲೂ ಅಂಥದ್ದೇ ಕಟ್ಟಿಸಿದ. 1571ರ ಜನವರಿಯಲ್ಲಿ ಒಂದನೇ ಎಲಿಜಬೆತ್ ರಾಣಿ ಅಲ್ಲಿಗೆ ಬಂದು ರಾಯಲ್ ಎಕ್ಸ್‌ಚೇಂಜ್ ಎಂದು ಹೆಸರಿಟ್ಟಳು. ಆಮ್‌ಸ್ಟರ್‌ಡ್ಯಾಮ್ 1611ರಲ್ಲಿ ತನ್ನದನ್ನು ಕಟ್ಟಿತು. ಎಲ್ಲ ಕಡೆಯೂ ಒಂದೇ ರಚನೆ. ಮಧ್ಯೆ ಏನೂ ಇಲ್ಲದ ದೊಡ್ಡ ಜಾಗ, ಅಲ್ಲಿ ನಿಲ್ಲುವ ಜನ.

ಕುರ್ಚಿಯಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ, ಎಷ್ಟೋ ಸಲ ಸರಕೂ ಇಲ್ಲ. ಆದರೂ ಅದಕ್ಕೆ ಅಷ್ಟು ಖರ್ಚು ಮಾಡಿದರು. ಬೆಲೆ ಎಂಬುದು ಆಗ ಮನುಷ್ಯರ ಬಾಯಲ್ಲಿತ್ತು, ನಂಬಿಕೆ ಮುಖದಲ್ಲಿತ್ತು. ಯಾರು ಇವತ್ತು ಬಂದಿಲ್ಲ, ಯಾರು ಯಾರ ಜೊತೆ ಪಿಸುಗುಡುತ್ತಿದ್ದಾರೆ, ಯಾವ ಹಡಗು ತಡವಾಯಿತೆಂದು ಯಾರ ಮುಖ ಬಾಡಿದೆ ಎಂಬುದೆಲ್ಲ ಅಲ್ಲಿ ನಿಂತವನಿಗೇ ಗೊತ್ತಾಗುವ ಸಂಗತಿ. ಲಂಡನ್ನಿನ ಅಂಗಳದಲ್ಲಿ ಒಂದೊಂದು ದೇಶದ ಜೊತೆ ವ್ಯಾಪಾರ ಮಾಡುವವರಿಗೆ ಒಂದೊಂದು ಮೂಲೆ ಗೊತ್ತುಮಾಡಿತ್ತು. ಸಾಲ ತೀರಿಸದವನು ಆ ಮೂಲೆಯಲ್ಲಿ ನಾಲ್ಕು ದಿನ ಕಾಣಿಸದಿದ್ದರೆ ಊರಿಗೆಲ್ಲ ಸುದ್ದಿಯಾಗುತ್ತಿತ್ತು.

ಇಂಗ್ಲೆಂಡಿನ ಲೀಡ್ಸ್ ನಗರದ ಧಾನ್ಯ ಪೇಟೆ ಕಾರ್ನ್ ಎಕ್ಸ್‌ಚೇಂಜ್ ನೋಡಿದರೆ ವ್ಯಾಪಾರದ ಅಗತ್ಯ ಕಟ್ಟಡದ ಆಕಾರವನ್ನೇ ಹೇಗೆ ನಿರ್ಧರಿಸುತ್ತಿತ್ತು ಎಂದು ತಿಳಿಯುತ್ತದೆ. ವಾಸ್ತುಶಿಲ್ಪಿ ಕತ್‌ಬರ್ಟ್ ಬ್ರಾಡ್ರಿಕ್ 1860ರ ದಶಕದ ಆರಂಭದಲ್ಲಿ ಕಟ್ಟಿದ ಅಂಡಾಕಾರದ ಕಟ್ಟಡ ಅದು, ಮೇಲೆ ಗುಮ್ಮಟ. ಗುಮ್ಮಟದ ಗಾಜನ್ನು ಉತ್ತರದ ಬೆಳಕು ಒಳಬರುವಂತೆ ಕೂರಿಸಿದ್ದಾರೆ. ನೇರ ಬಿಸಿಲು ಬಿದ್ದರೆ ಗೋಧಿಯ ಬಣ್ಣ ಮೋಸ ಮಾಡುತ್ತದೆ, ಕಾಳು ಇರುವುದಕ್ಕಿಂತ ಹೊಳೆಯುತ್ತದೆ. ಉತ್ತರದ ಬೆಳಕು ದಿನವಿಡೀ ಒಂದೇ ಹದದಲ್ಲಿರುತ್ತದೆ. ಅಂಗೈಯಲ್ಲಿ ಹಿಡಿದ ಹಿಡಿ ಕಾಳಿನ ನಿಜವಾದ ಬಣ್ಣ ಕಾಣಲಿ ಎಂಬ ಒಂದು ಕಾರಣಕ್ಕೆ ಇಡೀ ಛಾವಣಿಯ ಲೆಕ್ಕಾಚಾರ ನಡೆದಿತ್ತು.

ಮೊದಲು ಸರಕು, ಆಮೇಲೆ ಬೆಲೆ, ಕೊನೆಗೆ ಜನ

ಈ ಅಂಗಳಗಳು ಒಂದೇ ದಿನಕ್ಕೆ ಖಾಲಿಯಾಗಲಿಲ್ಲ. ನಾನು ಕಂಡುಕೊಂಡ ಮಟ್ಟಿಗೆ ಅಲ್ಲಿಂದ ಮೂರು ಸಂಗತಿಗಳು ಒಂದರ ಹಿಂದೊಂದು ಹೊರಟಿವೆ. ಈ ಕ್ರಮ ಅರ್ಥವಾದರೆ ಯಾವ ಮಾರುಕಟ್ಟೆ ಯಾವ ಹಂತದಲ್ಲಿದೆ ಎಂದು ಹೇಳಬಹುದು.

ಮೊದಲು ಹೋದದ್ದು ಸರಕು. ಇದಕ್ಕೆ ನಮ್ಮ ಧಾರವಾಡ ಸೀಮೆಯ ಹತ್ತಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ಧಾರವಾಡದ ಕಪ್ಪು ನೆಲದಲ್ಲಿ ಬಿತ್ತಿಸಿದರು. ಅದು ಒಗ್ಗಿಕೊಂಡು ‘ಧಾರವಾಡ ಅಮೆರಿಕನ್’ ಎಂದು ಹೆಸರಾಯಿತು. ಅದೇ ಸೀಮೆಯ ನಾಡತಳಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಲಿವರ್‌ಪೂಲಿನ ಹತ್ತಿ ಧಾರಣೆಯ ಪಟ್ಟಿಗಳಲ್ಲಿ ಬ್ರೋಚ್, ಧೋಲೇರಾ, ಉಮರಾವತಿಗಳ ಸಾಲಿನಲ್ಲೇ ಧಾರವಾಡ, ಕುಮಟಾ ಎಂಬ ಹೆಸರುಗಳೂ ಇರುತ್ತಿದ್ದವು. ಧಾರವಾಡವನ್ನು ಭೂಪಟದಲ್ಲಿ ತೋರಿಸಲಾಗದ ದಲ್ಲಾಳಿಯೂ ಅದರ ಎಳೆ ಎಷ್ಟುದ್ದ, ಕಸ ಎಷ್ಟು ಎಂದು ಹೇಳಬಲ್ಲವನಾಗಿದ್ದ. ಹೆಸರು ಮತ್ತು ದರ್ಜೆ ಸರಕಿನ ಜಾಗದಲ್ಲಿ ನಿಂತ ಮೇಲೆ ಮೂಟೆ ಅಂಗಳಕ್ಕೆ ಬರಬೇಕಾಗಲಿಲ್ಲ.

ಆ ಹೆಸರು ಕೆಡದಂತೆ ನೋಡಿಕೊಳ್ಳುವುದು ಸುಲಭವಿರಲಿಲ್ಲ. ಅಮೆರಿಕದ ಅಂತರ್ಯುದ್ಧ 1861ರಲ್ಲಿ ಶುರುವಾಗಿ ಅಲ್ಲಿಂದ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಜೊತೆಗೇ ಮೂಟೆಯಲ್ಲಿ ಬೀಜ, ಮಣ್ಣು, ನೀರು ಬೆರೆಸುವುದೂ ಹೆಚ್ಚಿತು. ಬಾಂಬೆ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆ ತಡೆಗೆಂದೇ ಕಾಯಿದೆ ತಂದಿತು. ಮ್ಯಾಂಚೆಸ್ಟರಿನ ಗಿರಣಿ ಮಾಲೀಕರ ಒತ್ತಡ ಎಷ್ಟಿತ್ತೆಂದರೆ, ಧಾರವಾಡದ ಹತ್ತಿಗೆ ಹತ್ತಿರದ ಬಂದರು ಬೇಕೆಂಬ ಅವರ ಬೇಡಿಕೆಯ ಹಿನ್ನೆಲೆಯಲ್ಲಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದರಾಸು ಪ್ರಾಂತ್ಯದಿಂದ ಕಿತ್ತು ಬಾಂಬೆ ಪ್ರಾಂತ್ಯಕ್ಕೆ ಸೇರಿಸಲಾಯಿತು. ಇವತ್ತಿನ ಕಾರವಾರ ಬಂದರು, ಅರಬೈಲು ಘಟ್ಟ ಇಳಿಯುವ ರಸ್ತೆ, ಇವುಗಳ ಹಿಂದೆ ಸಾವಿರಾರು ಮೈಲಿ ದೂರದ ಹತ್ತಿ ವ್ಯಾಪಾರಿಗಳ ಲೆಕ್ಕವಿದೆ. ಕನ್ನಡ ನಾಡಿನ ಒಂದು ಜಿಲ್ಲೆಯ ಆಡಳಿತವನ್ನು ಆಚೀಚೆ ಮಾಡುವಷ್ಟು ಬಲ ಆ ವ್ಯಾಪಾರಕ್ಕಿತ್ತು ಎಂಬುದನ್ನು ನಮ್ಮ ಶಾಲೆಯ ಇತಿಹಾಸದಲ್ಲಿ ಹೇಳಿಕೊಡಬೇಕು ಎಂದು ನನಗೆ ಅನ್ನಿಸುತ್ತದೆ.

ಎರಡನೆಯದಾಗಿ ಹೊರಟದ್ದು ಬೆಲೆ. ಟೆಲಿಗ್ರಾಫ್ ತಂತಿ, ಸಮುದ್ರದಡಿಯ ಕೇಬಲ್, ಟೆಲಿಫೋನು ಬಂದ ಮೇಲೆ ಧಾರಣೆ ಅಂಗಳದಲ್ಲಿ ಹುಟ್ಟಿದರೂ ಅಲ್ಲೇ ಉಳಿಯಲಿಲ್ಲ. ಲಿವರ್‌ಪೂಲಿನ ಹತ್ತಿ ದಲ್ಲಾಳಿಗಳು ತಲೆಮಾರುಗಳ ಕಾಲ ಬಯಲಲ್ಲೇ ನಿಂತು ವ್ಯಾಪಾರ ಮಾಡಿದವರು. 1906ರಲ್ಲಿ ಅವರು ಹೊಸ ಕಾಟನ್ ಎಕ್ಸ್‌ಚೇಂಜ್ ಕಟ್ಟಡದೊಳಗೆ ಹೋದದ್ದಕ್ಕೆ ಮಳೆ, ಚಳಿಗಿಂತ ಟೆಲಿಫೋನು ದೊಡ್ಡ ಕಾರಣ. ನ್ಯೂಯಾರ್ಕ್, ಬ್ರೆಮೆನ್, ಬಾಂಬೆಗಳ ಜೊತೆ ಕೇಬಲ್ ಸಂಪರ್ಕ ಬೇಕೆಂದರೆ ಸೂರು ಬೇಕು, ಕೋಣೆ ಬೇಕು. ಅಂಗಳವನ್ನು ಮುಂದೆ ಅನಾವಶ್ಯಕ ಮಾಡಿದ ಸಾಧನವೇ ಮೊದಲಿಗೆ ಅದನ್ನು ಇನ್ನಷ್ಟು ವೈಭವದಿಂದ ಕಟ್ಟಿಸಿತು.

ಜನ ಕೊನೆಗೆ ಹೊರಟರು. ಕೆಲವೆಡೆ ವ್ಯಾಪಾರವೇ ಸತ್ತಿತು, ಕೆಲವೆಡೆ ವ್ಯಾಪಾರ ಬದುಕಿ ಪರದೆಗೆ ಹೋಯಿತು. ಷೇರು ಎಂಬುದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಒಂದು ಕಂಪನಿಯ ಒಂದು ಷೇರಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಆದ್ದರಿಂದಲೇ ಪರದೆ ಬಂದ ಕೂಡಲೇ ಷೇರುಪೇಟೆಯ ಅಂಗಳಗಳು ಎಲ್ಲಕ್ಕಿಂತ ಬೇಗ ಬರಿದಾದವು. ಷಿಕಾಗೋದ ದವಸ ಧಾನ್ಯಗಳ ಮುಂಗಡ ವ್ಯಾಪಾರ (ಮುಂದೆ ಕೊಡುವ ಸರಕಿಗೆ ಈಗಲೇ ಬೆಲೆ ಗೊತ್ತುಮಾಡುವ ವ್ಯಾಪಾರ) ಇನ್ನೂ ಇಪ್ಪತ್ತು ವರ್ಷ ಎಳೆದಾಡಿಕೊಂಡು, 2015ರ ಜುಲೈನಲ್ಲಿ ತನ್ನ ಕೂಗಾಟದ ಕಟ್ಟೆಗಳಲ್ಲಿ ಹೆಚ್ಚಿನವನ್ನು ಮುಚ್ಚಿತು.

ಖಾಲಿಯಾದ ಮೇಲೆ

ಲಂಡನ್ನಿನ ಕಲ್ಲಿದ್ದಲು ಪೇಟೆ ಕೋಲ್ ಎಕ್ಸ್‌ಚೇಂಜ್ ಕಥೆ ಚಿಕ್ಕದು, ಕೆಟ್ಟದ್ದು. 1849ರಲ್ಲಿ ತೆರೆದ ಆ ಕಟ್ಟಡದ ಎರಕದ ಕಬ್ಬಿಣದ ಗುಮ್ಮಟ ಆ ಕಾಲಕ್ಕೆ ದೊಡ್ಡ ಸಾಹಸ. 1962ರಲ್ಲಿ ರಸ್ತೆ ಅಗಲ ಮಾಡಲು ಅದನ್ನು ಕೆಡವಿದರು. ಉಳಿಸಬೇಕೆಂದು ಹೋರಾಡಿದವರ ಮಾತು ನಡೆಯಲಿಲ್ಲ. ಬಾಗಿಲ ಮೇಲಿದ್ದ ಎರಡು ಡ್ರ್ಯಾಗನ್ ಪ್ರತಿಮೆಗಳನ್ನು ಮಾತ್ರ ಥೇಮ್ಸ್ ನದಿಯ ದಂಡೆಗೆ ಒಯ್ದು ನಗರದ ಗಡಿಗುರುತಾಗಿ ನಿಲ್ಲಿಸಿದ್ದಾರೆ. ಲಿವರ್‌ಪೂಲಿನ ಕಾಟನ್ ಎಕ್ಸ್‌ಚೇಂಜಿನ ಮುಂಭಾಗ 1967ರಲ್ಲಿ ಹೋಯಿತು, ಆ ಜಾಗದಲ್ಲಿ ಆಫೀಸು ಕಟ್ಟಿದರು. ಲೂಯಿ ಸಲಿವನ್ ವಿನ್ಯಾಸದ ಷಿಕಾಗೋ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡವನ್ನು 1972ರಲ್ಲಿ ಕೆಡವುವಾಗ, ಅದರ ಅಲಂಕಾರದ ತುಣುಕುಗಳನ್ನು ಉಳಿಸಲು ಒಳಹೊಕ್ಕಿದ್ದ ಛಾಯಾಗ್ರಾಹಕ ರಿಚರ್ಡ್ ನಿಕಲ್ ಕುಸಿತದಲ್ಲಿ ಸಿಕ್ಕಿ ತೀರಿಕೊಂಡರು. ಆ ಕಟ್ಟಡದ ವಹಿವಾಟು ಕೋಣೆಯನ್ನು ಬಿಡಿಬಿಡಿಯಾಗಿ ಬಿಚ್ಚಿ ಆಮೇಲೆ ಅಲ್ಲಿನ ಆರ್ಟ್ ಇನ್‌ಸ್ಟಿಟ್ಯೂಟಿನೊಳಗೆ ಮತ್ತೆ ಜೋಡಿಸಿದ್ದಾರೆ. ಒಂದು ಕೋಣೆ ಉಳಿಯಲು ಒಂದು ಜೀವ ಹೋಗಬೇಕಾಯಿತೇ ಎಂದು ಓದಿದಾಗಲೆಲ್ಲ ಸಂಕಟವಾಗುತ್ತದೆ.

ಕೆಡವದೆ ಉಳಿಸಿಕೊಂಡಲ್ಲಿ ಏನಾಯಿತು ಎಂಬುದು ಇನ್ನೂ ಜಟಿಲ. ಲಂಡನ್ನಿನ ರಾಯಲ್ ಎಕ್ಸ್‌ಚೇಂಜ್ 1666ರ ಮಹಾಬೆಂಕಿಯಲ್ಲಿ ಒಮ್ಮೆ, 1838ರಲ್ಲಿ ಇನ್ನೊಮ್ಮೆ ಸುಟ್ಟು, ಈಗಿರುವುದು 1844ರ ಮೂರನೆಯ ಕಟ್ಟಡ. ಲಾಯ್ಡ್ಸ್ ವಿಮೆಯವರು 1928ರವರೆಗೆ ಅಲ್ಲಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಂಗಳದ ವ್ಯಾಪಾರ ನಿಂತಿತು. 1982ರಿಂದ 1991ರವರೆಗೆ ಹಣಕಾಸಿನ ಮುಂಗಡ ವ್ಯಾಪಾರದವರು ಬಂದು ಮತ್ತೆ ಅಲ್ಲಿ ಕೂಗಾಟ ಎಬ್ಬಿಸಿ ಹೋದರು. 2001ರಿಂದ ಅದು ದುಬಾರಿ ಗಡಿಯಾರ, ಒಡವೆ, ಸುಗಂಧದ ಅಂಗಡಿಗಳ ಸಾಲು. ಗ್ರೇಶಮ್‌ನ ಕಾಲದಲ್ಲೂ ಮೇಲಂತಸ್ತಿನಲ್ಲಿ ಅಂಗಡಿಗಳಿದ್ದವು, ಆ ಬಾಡಿಗೆಯಿಂದಲೇ ಅವನ ಖರ್ಚು ಹುಟ್ಟುತ್ತಿತ್ತು. ಹಾಗಾಗಿ ಇದು ಪರಂಪರೆಯ ಮುಂದುವರಿಕೆಯೇ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಗ ಅಂಗಡಿ ಮೇಲಿತ್ತು, ಅಂಗಳ ವರ್ತಕರೆಲ್ಲರಿಗೂ ಬಿಟ್ಟಿತ್ತು. ಈಗ ಅಂಗಳದಲ್ಲಿ ಕುಳಿತುಕೊಳ್ಳಬೇಕೆಂದರೆ ಏನಾದರೂ ಕೊಳ್ಳಬೇಕು.

ಪ್ಯಾರಿಸ್ಸಿನ ಬೂರ್ಸ್ ದ ಕಾಮರ್ಸ್ ಕಟ್ಟಡದ ಲೆಕ್ಕಪತ್ರ ನಮ್ಮ ನಗರಪಾಲಿಕೆಗಳು ಕಣ್ಣಿಟ್ಟು ಓದಬೇಕಾದದ್ದು. 1760ರ ದಶಕದಲ್ಲಿ ಅದು ವರ್ತುಲಾಕಾರದ ಗೋಧಿ ಮಂಡಿ. ಮರದ ಗುಮ್ಮಟ ಹಾಕಿದರು, 1802ರಲ್ಲಿ ಸುಟ್ಟಿತು. ಕಬ್ಬಿಣದ ಗುಮ್ಮಟ ಬಂತು. 1889ರ ಹೊತ್ತಿಗೆ ಸರಕು ವಿನಿಮಯ ಕೇಂದ್ರವಾಯಿತು, ಗುಮ್ಮಟದ ಸುತ್ತ ಐದು ಖಂಡಗಳ ವ್ಯಾಪಾರದ ಚಿತ್ರಗಳನ್ನು ಬರೆಸಿದರು. 1949ರಲ್ಲಿ ನಗರಾಡಳಿತ ಆ ಕಟ್ಟಡವನ್ನು ವಾಣಿಜ್ಯ ಮಂಡಳಿಗೆ ಒಂದು ಫ್ರಾಂಕಿಗೆ ಬಿಟ್ಟುಕೊಟ್ಟಿತು. 2016ರಲ್ಲಿ ಅದನ್ನೇ 86 ದಶಲಕ್ಷ ಯೂರೋ ಕೊಟ್ಟು ವಾಪಸ್ ಕೊಂಡಿತು. ಆಮೇಲೆ ಉದ್ಯಮಿ ಫ್ರಾನ್ಸ್ವಾ ಪಿನೋ ಅವರ ಕಲಾಸಂಗ್ರಹಕ್ಕೆ 50 ವರ್ಷದ ಗುತ್ತಿಗೆಗೆ ಕೊಟ್ಟಿತು. ಜಪಾನಿನ ವಾಸ್ತುಶಿಲ್ಪಿ ತಡಾವೊ ಆಂಡೊ ಒಳಗೆ 9 ಮೀಟರ್ ಎತ್ತರದ ಕಾಂಕ್ರೀಟ್ ವರ್ತುಲವೊಂದನ್ನು ನಿಲ್ಲಿಸಿದರು. ಹಳೆಯ ಗೋಡೆಗೆ ತಾಗದಂತೆ, ಬೇಕೆಂದಾಗ ತೆಗೆಯಬಹುದಾದಂತೆ. 2021ರ ಮೇ ತಿಂಗಳಲ್ಲಿ ಅದು ಕಲಾ ಸಂಗ್ರಹಾಲಯವಾಗಿ ತೆರೆಯಿತು. ಕೆಲಸ ಸುಂದರವಾಗಿದೆ, ನೆಲ ಒಡೆದು ಹಂಚಿಲ್ಲ, ಗುಮ್ಮಟದ ಬೆಳಕು ಇನ್ನೂ ನಡುವೆ ಬೀಳುತ್ತದೆ. ಜಾಗದ ಒಡೆತನ ನಗರದ ಕೈಯಲ್ಲಿದ್ದುದರಿಂದಲೇ ಹೀಗೆ ಷರತ್ತು ಹಾಕಿ ಕೊಡಲು ಸಾಧ್ಯವಾಯಿತು. ಒಂದು ಫ್ರಾಂಕಿಗೆ ಕೊಟ್ಟ ಕೈ ಮತ್ತೆ ಕೊಳ್ಳುವಾಗ ಎಷ್ಟು ತೆರಬೇಕಾಯಿತು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಮ್ಯಾಂಚೆಸ್ಟರ್ ಮಾಡಿದ ಕೆಲಸ

ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಮ್ಯಾಂಚೆಸ್ಟರಿನ ರಾಯಲ್ ಎಕ್ಸ್‌ಚೇಂಜ್. ಲಿವರ್‌ಪೂಲಿನಲ್ಲಿ ಹತ್ತಿ ಕೊಂಡು, ಸುತ್ತಲ ಗಿರಣಿಗಳಲ್ಲಿ ನೂತು ನೇಯ್ದ ಮೇಲೆ ನೂಲು, ಬಟ್ಟೆ ಮಾರುತ್ತಿದ್ದದ್ದು ಇಲ್ಲಿ. 1921ರಲ್ಲಿ ವಿಸ್ತರಿಸಿ ತೆರೆದಾಗ ಜಗತ್ತಿನ ಅತಿ ದೊಡ್ಡ ಕೋಣೆ ಎಂದು ಊರವರು ಹೆಮ್ಮೆಪಡುತ್ತಿದ್ದರು. ಸದಸ್ಯರು ಸುಮಾರು 11,000. ಮಂಗಳವಾರ, ಶುಕ್ರವಾರ ದೊಡ್ಡ ಸಂತೆ. ಕಂಬಗಳಿಗೆ ಅಕ್ಷರ, ಅಂಕೆ ಕೊಟ್ಟಿದ್ದರು, ಇಂಥ ನೂಲಿನವನು ಇಂಥ ಕಂಬದ ಬಳಿಯೇ ಸಿಗಬೇಕು. ಗುಮ್ಮಟದ ಸುತ್ತ ಅಪಾರ ಸಂಪತ್ತಿಗಿಂತ ಒಳ್ಳೆಯ ಹೆಸರು ಮೇಲು ಎಂಬ ಬೈಬಲಿನ ಮಾತು ಬರೆಸಿದ್ದರು.

ಆ ದೊಡ್ಡ ಕೋಣೆ ತೆರೆದ ಹೊತ್ತಿಗೇ ಅದರ ವ್ಯಾಪಾರಕ್ಕೆ ಇಳಿಗಾಲ ಶುರುವಾಗಿತ್ತು. ಲಂಕಾಷೈರಿನ ಬಟ್ಟೆಗೆ ಅತಿ ದೊಡ್ಡ ಗಿರಾಕಿ ಭಾರತ. ಇಲ್ಲಿ ಮುಂಬೈ, ಅಹಮದಾಬಾದಿನ ಗಿರಣಿಗಳು ಬೆಳೆದವು, ಆಮದು ಸುಂಕ ಏರಿತು, ವಿದೇಶಿ ಬಟ್ಟೆ ಬಹಿಷ್ಕಾರ ನಡೆಯಿತು, ಜಪಾನ್ ಅಗ್ಗದ ಬಟ್ಟೆ ತಂದಿತು. 1931ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ಲಂಕಾಷೈರಿಗೇ ಹೋಗಿ, ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕರ ನಡುವೆ ನಿಂತು ಭಾರತದ ಬಡತನದ ಮಾತಾಡಿದರು. 1940ರ ಡಿಸೆಂಬರ್‌ನಲ್ಲಿ ಜರ್ಮನ್ ಬಾಂಬು ಕಟ್ಟಡದ ಮೇಲೆ ಬಿತ್ತು, ಮತ್ತೆ ಕಟ್ಟಿದಾಗ ಅಂಗಳವನ್ನು ಕಿರಿದು ಮಾಡಿದರು. 1968ರ ಡಿಸೆಂಬರ್ 31ರಂದು ವ್ಯಾಪಾರ ನಿಂತಿತು. ಆ ಕೊನೆಯ ದಿನದ ಧಾರಣೆಗಳು ಎತ್ತರದ ಬೋರ್ಡಿನಲ್ಲಿ ಇವತ್ತಿಗೂ ಹಾಗೇ ಇವೆ.

ಕೆಡವುವ ಮಾತು ಇಲ್ಲೂ ಬಂತು. ಅಷ್ಟರಲ್ಲಿ 1973ರಲ್ಲಿ ಒಂದು ನಾಟಕ ತಂಡ ಖಾಲಿ ಅಂಗಳದೊಳಗೆ ತಾತ್ಕಾಲಿಕ ಡೇರೆ ಹಾಕಿ ನಾಟಕ ಆಡಿತು. ಜನ ಬಂದರು. ಅಲ್ಲಿ ನಾಟಕ ನಡೆಯಬಲ್ಲದು ಎಂದು ಕಣ್ಣಾರೆ ಕಂಡ ಮೇಲೆಯೇ ಶಾಶ್ವತ ರಂಗಮಂದಿರದ ಯೋಜನೆ ಗಟ್ಟಿಯಾದದ್ದು. ಒಂದು ತೊಡಕಿತ್ತು: ಜನ ನಿಲ್ಲಲೆಂದು ಮಾಡಿದ ನೆಲ 150 ಟನ್ ತೂಕದ ರಂಗಮಂದಿರವನ್ನು ಹೊರುವಂತಿರಲಿಲ್ಲ. ಹಾಗಾಗಿ ಉಕ್ಕು, ಗಾಜಿನ ಏಳು ಮೂಲೆಯ ರಂಗಮಂದಿರವನ್ನು ಗುಮ್ಮಟ ಹೊತ್ತ ನಾಲ್ಕು ದಪ್ಪ ಕಂಬಗಳಿಗೆ ತೂಗುಹಾಕಿದರು. ಸುಮಾರು 700 ಮಂದಿ ರಂಗದ ಸುತ್ತ ಕೂರಬಹುದು. 1976ರ ಸೆಪ್ಟೆಂಬರ್‌ನಲ್ಲಿ ನಟ ಲಾರೆನ್ಸ್ ಒಲಿವಿಯೆ ಉದ್ಘಾಟಿಸಿದರು. 1996ರಲ್ಲಿ ಐರಿಷ್ ಸಶಸ್ತ್ರ ಸಂಘಟನೆ ಐಆರ್‌ಎ ಇಟ್ಟ ಬಾಂಬು ಪಕ್ಕದ ಬೀದಿಯಲ್ಲೇ ಸಿಡಿದು ಕಟ್ಟಡ ಜಖಂ ಆಯಿತು. ಲಾಟರಿ ನಿಧಿಯ ನೆರವಿನಿಂದ ದುರಸ್ತಿಯಾಗಿ 1998ರಲ್ಲಿ ಮತ್ತೆ ತೆರೆಯಿತು.

ಇಲ್ಲಿ ಗಮನಿಸಬೇಕಾದದ್ದು ರಂಗಮಂದಿರದ ಸುತ್ತ ಉಳಿದಿರುವ ಜಾಗ. ಅಂಗಳದ ನೆಲವನ್ನು ಯಾರೂ ಕೋಣೆಗಳಾಗಿ ಹಂಚಲಿಲ್ಲ. ನಾಟಕದ ಟಿಕೆಟ್ ಇಲ್ಲದವರೂ ಹಗಲಲ್ಲಿ ಒಳಬಂದು ಕಂಬಗಳ ನಡುವೆ ಓಡಾಡಬಹುದು, ಆ ಹಳೆಯ ಬೋರ್ಡನ್ನು ತಲೆಯೆತ್ತಿ ನೋಡಬಹುದು. ಮೊದಲು ಸದಸ್ಯರಿಗಷ್ಟೇ ಇದ್ದ ನೆಲ ಊರವರಿಗೆಲ್ಲ ಸಿಕ್ಕಿತು. ಹಳೆಯ ವಿನಿಮಯ ಕಟ್ಟಡಕ್ಕೆ ಹೊಸ ಬಳಕೆ ಹುಡುಕುವಾಗ ನಾನು ಇಡುವ ಅಳತೆಗೋಲು ಇದು: ಅಂಗಳ ಇಡಿಯಾಗಿ ಉಳಿಯಿತೇ, ಅದರೊಳಗೆ ಯಾರು ಬೇಕಾದರೂ ಬಂದು ನಿಲ್ಲಬಹುದೇ? ಮುಂಭಾಗದ ಗೋಡೆ ಉಳಿಸಿ ಒಳಗೆಲ್ಲ ಆಫೀಸು ತುರುಕುವುದು ಹಣ್ಣಿನ ಸಿಪ್ಪೆ ಕಾಪಾಡಿ ತಿರುಳು ಚೆಲ್ಲಿದ ಹಾಗೆ.

ನಮ್ಮ ಯಾರ್ಡುಗಳು ಯಾವ ಹಂತದಲ್ಲಿವೆ

ಬೆಂಗಳೂರಿನ ಷೇರುಪೇಟೆ ಕಟ್ಟಡಕ್ಕೆ ಲೀಡ್ಸಿನ ಗುಮ್ಮಟವಿಲ್ಲ. ಅದನ್ನು ಸ್ಮಾರಕವೆಂದು ಯಾರೂ ಕರೆಯುವುದಿಲ್ಲ, ಕರೆಯಬೇಕೆಂದು ನಾನೂ ವಾದಿಸುವುದಿಲ್ಲ. ಆದರೆ ರಂಗಮಂದಿರ, ತಾಲೀಮು ಜಾಗಗಳಿಗಾಗಿ ನಾಟಕ ತಂಡಗಳು ಪರದಾಡುವ ಊರು ಬೆಂಗಳೂರು, ಅದೇ ಜೆ.ಸಿ. ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರದ ದಿನಾಂಕಕ್ಕೆ ಸಾಲು ನಿಲ್ಲುತ್ತದೆ. ಷೇರುಪೇಟೆಗಳು ಮೂಲತಃ ದಲ್ಲಾಳಿಗಳ ಸಂಘಗಳು, ಆಮೇಲೆ ಕಂಪನಿಗಳಾದವು. ಅವುಗಳ ಆಸ್ತಿ ಷೇರುದಾರರದು. ಹೊರಹೋಗುವ ನೀತಿಯಲ್ಲಿ ಹೂಡಿಕೆದಾರರ ನಿಧಿ, ಬಾಕಿ ತೆರಿಗೆ, ಕಂಪನಿಯ ಹೆಸರು ಏನಾಗಬೇಕೆಂದೆಲ್ಲ ಯೋಚಿಸಿದವರು, ನಗರದ ನಡುವಿನ ಆ ದೊಡ್ಡ ಕೋಣೆಯಲ್ಲಿ ಊರಿಗೂ ಒಂದು ಪಾಲು ಇರಬಹುದೇ ಎಂದು ಯೋಚಿಸಲಿಲ್ಲ. ಲಯನ್ಸ್ ರೇಂಜಿನ ವಿಷಯದಲ್ಲಾದರೂ ಮ್ಯಾಂಚೆಸ್ಟರಿನ ಡೇರೆಯಂಥ ತಾತ್ಕಾಲಿಕ ಪ್ರಯೋಗಕ್ಕೆ ಇನ್ನೂ ಕಾಲ ಮೀರಿಲ್ಲ.

ಕರ್ನಾಟಕಕ್ಕೆ ಇದಕ್ಕಿಂತ ದೊಡ್ಡ ಪ್ರಶ್ನೆ ಕೃಷಿ ಮಾರುಕಟ್ಟೆಗಳದು. ದೇಶದಲ್ಲೇ ಮೊದಲಾಗಿ 2014ರಲ್ಲಿ ರಾಜ್ಯ ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು, ಯಾರ್ಡಿನ ಟೆಂಡರು ಚೀಟಿಯಿಂದ ಕಂಪ್ಯೂಟರಿಗೆ ಹೋಯಿತು. 2016ರ ಏಪ್ರಿಲ್‌ನಲ್ಲಿ ಕೇಂದ್ರದ ರಾಷ್ಟ್ರೀಯ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್ ಬಂತು. 2020ರ ಕಾಯಿದೆ ತಿದ್ದುಪಡಿ ಯಾರ್ಡಿನ ಹೊರಗಿನ ಖರೀದಿಗೂ ದಾರಿ ತೆರೆಯಿತು. ನಾನು ಹೇಳಿದ ಮೂರು ಹೆಜ್ಜೆಯ ಲೆಕ್ಕದಲ್ಲಿ ನಮ್ಮ ಯಾರ್ಡುಗಳ ನಡಿಗೆ ಹಿಂದುಮುಂದಾಗಿದೆ. ಇಲ್ಲಿ ಬೆಲೆ ಮೊದಲು ಹೊರಟಿತು, ಸರಕು ಇನ್ನೂ ಅಲ್ಲೇ ಇದೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ತೆಗೆದುಕೊಳ್ಳಿ. ಹರಾಜು ಎಲೆಕ್ಟ್ರಾನಿಕ್ ಆಗಿದೆ, ತೂಕ ಎಲೆಕ್ಟ್ರಾನಿಕ್, ಹಣ ನೇರ ಖಾತೆಗೆ. ಆದರೂ ಗೂಡು ಕೊಂಡು ನೂಲು ತೆಗೆಯುವ ರೀಲರು ಬೆಳಿಗ್ಗೆ ಹಾಲಿನೊಳಗೆ ಸಾಲು ಸಾಲು ಲಾಟುಗಳ ನಡುವೆ ಸುತ್ತುತ್ತಾನೆ. ಮೇಲಿನ ಗೂಡು ನೋಡಿ ನಂಬುವುದಿಲ್ಲ, ಮೊಣಕೈವರೆಗೆ ಕೈ ಇಳಿಸಿ ತಳದ ಗೂಡು ಎತ್ತುತ್ತಾನೆ. ಬೆರಳಲ್ಲಿ ಒತ್ತಿ ಗಟ್ಟಿ ನೋಡುತ್ತಾನೆ, ಕಿವಿಯ ಬಳಿ ಅಲುಗಿಸಿ ಒಳಗಿನ ಹುಳು ಹೇಗಿದೆಯೆಂದು ಕೇಳುತ್ತಾನೆ. ಆಮೇಲೆ ಲಾಟ್ ನಂಬರು ನೋಡಿಕೊಂಡು ಬೆಲೆ ಹಾಕುತ್ತಾನೆ. ಒಬ್ಬ ರೈತನ ಗೂಡಿನಂತೆ ಇನ್ನೊಬ್ಬನದಿಲ್ಲ, ಹಸಿ ಗೂಡನ್ನು ದಿನಗಟ್ಟಲೆ ಇಡುವಂತೆಯೂ ಇಲ್ಲ. ನಂಬುವಂಥ ದರ್ಜೆಯೊಂದು ಬರುವವರೆಗೆ ಈ ಹಾಲಿಗೆ ಕೆಲಸವಿದೆ. ಷೇರಿನ ಅಂಗಳಕ್ಕೂ ಗೂಡಿನ ಅಂಗಳಕ್ಕೂ ಇರುವ ವ್ಯತ್ಯಾಸ ಇದೇ.

ಜನರನ್ನು ಅಂಗಳದಿಂದ ಬಿಡಿಸುವುದಂತೂ ಇನ್ನೂ ಕಷ್ಟ. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಧಾರಣೆ ಏಕಾಏಕಿ ಬಿದ್ದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಯ ಮೇಲೆ ತಿರುಗಿತು. ಕಲ್ಲು ಬಿದ್ದವು, ವಾಹನಗಳು ಸುಟ್ಟವು. ಬೆಲೆ ತೋರಿಸಿದ್ದು ಕಂಪ್ಯೂಟರಿನ ಟೆಂಡರು, ಆದರೆ ಪ್ರಶ್ನೆ ಕೇಳಲು ರೈತನಿಗೆ ಗೊತ್ತಿದ್ದ ವಿಳಾಸ ಆ ಕಟ್ಟಡವೊಂದೇ. ಹಿಂಸೆಯನ್ನು ಸಮರ್ಥಿಸಲಾಗದು. ಆದರೆ ಬೆಲೆ ಎಲ್ಲೋ ಹುಟ್ಟಿ ಎಲ್ಲೋ ಬೀಳುವ ಕಾಲದಲ್ಲಿ ಎದುರು ಬದುರು ನಿಂತು ಜವಾಬು ಕೇಳುವ ಜಾಗವಾಗಿ ಯಾರ್ಡು ಉಳಿದಿದೆ ಎಂಬುದನ್ನು ಆ ದಿನ ತೋರಿಸಿತು. ಯಾರ್ಡು ಮುಚ್ಚಿದರೆ ಆ ಜಾಗವೂ ಮುಚ್ಚುತ್ತದೆ.

ಹುಬ್ಬಳ್ಳಿಯಲ್ಲಿ ಕಾಟನ್ ಮಾರ್ಕೆಟ್ ಎಂಬ ಬಡಾವಣೆಯಿದೆ, ವ್ಯಾಪಾರ ಅಮರಗೋಳದ ಯಾರ್ಡಿಗೆ ಹೋಗಿ ಬಹಳ ಕಾಲವಾಯಿತು. ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದ ಮೇಲೆ ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಎರಡೂ ಕಡೆ ಕಾಣುವುದು ಒಂದೇ ಕೊರತೆ. ಬಳಕೆ ಮುಗಿಯುವ ಮೊದಲು ಮುಂದಿನ ಬಳಕೆಯ ಬಗ್ಗೆ ಯಾರೂ ಮಾತಾಡಿರುವುದಿಲ್ಲ. ಆಗ ಇರುವುದು ಎರಡೇ ದಾರಿ, ಕುಸಿಯಲು ಬಿಡುವುದು ಅಥವಾ ಮಾರುವುದು.

ಎಪಿಎಂಸಿಗಳ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಈ ಯಾರ್ಡುಗಳು ದಲ್ಲಾಳಿಗಳ ಕಂಪನಿಯ ಆಸ್ತಿಯಲ್ಲ, ಮಾರುಕಟ್ಟೆ ಸಮಿತಿಗಳ ಆಸ್ತಿ. ತಲೆಮಾರುಗಳಿಂದ ರೈತರ ಫಸಲಿನ ಮೇಲೆ ಎತ್ತಿದ ಶುಲ್ಕದಿಂದ ಬೆಳೆದವು. ಹಾಗಾಗಿ ಒಂದು ಹರಾಜು ಕಟ್ಟೆಯೋ ಗೋದಾಮೋ ಖಾಲಿಯಾದ ದಿನ ಅದನ್ನು ಯಾರಿಗೆ, ಎಷ್ಟು ವರ್ಷಕ್ಕೆ, ಯಾವ ಷರತ್ತಿನ ಮೇಲೆ ಕೊಡಬೇಕು, ನೆಲವನ್ನು ಹಂಚದೆ ಇಡಿಯಾಗಿ ಬಳಸುವವರಿಗೆ ಮೊದಲ ಅವಕಾಶ ಇರಬೇಕೇ ಎಂಬುದನ್ನು ಸಮಿತಿಗಳೂ ಕೃಷಿ ಮಾರಾಟ ಇಲಾಖೆಯೂ ಈಗಲೇ ನಿಯಮವಾಗಿ ಬರೆದಿಡಬಹುದು. ಇದಕ್ಕೆ ದುಡ್ಡು ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಯಾರ್ಡಿನ ಜಾಗಕ್ಕೆ ಕಣ್ಣು ಹಾಕಿದವರು ಈಗಾಗಲೇ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಆದ್ದರಿಂದ ಆ ಸುತ್ತೋಲೆ ಟೆಂಡರಿಗೆ ಮೊದಲು ಬರಬೇಕು.